ಮೂರು ವರ್ಷದ ಯುದ್ಧ, ಹನ್ನೊಂದು ವರ್ಷದ ಧಾರಾವಾಹಿ: 'ಮ್ಯಾಶ್'ನ ಎಡವಟ್ಟುಗಳು

ಕೊರಿಯಾ ಯುದ್ಧ ಶುರುವಾಗಿದ್ದು 1950ರ ಜೂನ್ 25ರಂದು. ಕದನವಿರಾಮಕ್ಕೆ ಸಹಿ ಬಿದ್ದಿದ್ದು 1953ರ ಜುಲೈ 27ರಂದು. ಬೆರಳು ಮಡಚಿ ಎಣಿಸಿದರೆ ಮೂವತ್ತೇಳು ತಿಂಗಳು. ಈ ಯುದ್ಧವನ್ನೇ ಹಿನ್ನೆಲೆಯಾಗಿಟ್ಟುಕೊಂಡು ಅಮೆರಿಕದ ಸಿಬಿಎಸ್ ವಾಹಿನಿ ಪ್ರಸಾರ ಮಾಡಿದ 'ಮ್ಯಾಶ್' ಅನ್ನೋ ಹಾಸ್ಯ ಧಾರಾವಾಹಿ ಶುರುವಾಗಿದ್ದು 1972ರ ಸೆಪ್ಟೆಂಬರ್ 17ರಂದು, ಮುಗಿದಿದ್ದು 1983ರ ಫೆಬ್ರವರಿ 28ರಂದು. ಹನ್ನೊಂದು ಸೀಸನ್, ಇನ್ನೂರೈವತ್ತಕ್ಕೂ ಹೆಚ್ಚು ಕಂತುಗಳು. ಯುದ್ಧಕ್ಕಿಂತ ಧಾರಾವಾಹಿಯೇ ಮೂರು ಪಟ್ಟು ಉದ್ದ! ಇಷ್ಟು ಹೇಳಿದ ಮೇಲೆ ಎಡವಟ್ಟುಗಳು ಎಲ್ಲಿಂದ ಹುಟ್ಟಿದವು ಅಂತ ನಿಮಗೆ ಅರ್ಧ ಅರ್ಥವಾಗಿರಬೇಕು.

ಗೊತ್ತಿಲ್ಲದವರಿಗಾಗಿ ಎರಡು ಮಾತು. 'ಮ್ಯಾಶ್' ಅಂದರೆ ಯುದ್ಧಭೂಮಿಯ ಹತ್ತಿರವೇ ಡೇರೆ ಹಾಕಿಕೊಂಡು ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಸೇನೆಯ ಸಂಚಾರಿ ಆಸ್ಪತ್ರೆ. ಕೊರಿಯಾದಲ್ಲಿ 8055ನೇ ಮ್ಯಾಶ್‌ನಲ್ಲಿ ಡಾಕ್ಟರಾಗಿದ್ದ ರಿಚರ್ಡ್ ಹಾರ್ನ್‌ಬರ್ಗರ್ ತನ್ನ ಅನುಭವಗಳನ್ನು 'ರಿಚರ್ಡ್ ಹೂಕರ್' ಅನ್ನೋ ಹೆಸರಿನಲ್ಲಿ 1968ರಲ್ಲಿ ಕಾದಂಬರಿ ಮಾಡಿದ. 1970ರಲ್ಲಿ ರಾಬರ್ಟ್ ಆಲ್ಟ್‌ಮನ್ ಅದನ್ನು ಸಿನಿಮಾ ಮಾಡಿದ. ಅದರ ಬೆನ್ನಿಗೇ ಟಿವಿಗೆ ಬಂತು. ಟಿವಿಯ ಆಸ್ಪತ್ರೆಯ ನಂಬರ್ 4077. ಮುಖ್ಯ ಪಾತ್ರ ಹಾಕ್‌ಐ ಪಿಯರ್ಸ್, ಮಾಡಿದವನು ಆಲನ್ ಆಲ್ಡಾ. ಗಾಯಾಳುಗಳ ರಾಶಿಯ ನಡುವೆ ತಲೆ ಕೆಡದಂತೆ ಉಳಿಯಲು ಜೋಕು ಮಾಡುವ ಡಾಕ್ಟರುಗಳು, ಅವರ ಕಿತಾಪತಿಗಳು, ನಡುನಡುವೆ ಗಂಟಲು ಕಟ್ಟಿಸುವ ದೃಶ್ಯಗಳು. ಇದಿಷ್ಟು ಕಥೆ.

ತಪ್ಪು ಹುಡುಕೋದು ಈ ಧಾರಾವಾಹಿಯ ಅಭಿಮಾನಿಗಳಿಗೆ ಒಂಥರಾ ಆಟ. ಆಡೋಣ. ಆದರೆ ಆಡುತ್ತಾ ಹೋದಂತೆ ಒಂದು ವಿಷಯ ಗಮನಕ್ಕೆ ಬರುತ್ತೆ: ಎಲ್ಲರೂ ಹಿಡಿಯುವ ತಪ್ಪುಗಳು ಬೇರೆ, ಯಾರೂ ಹಿಡಿಯದೇ ಬಿಟ್ಟ ತಪ್ಪುಗಳು ಬೇರೆ.

ಕ್ಯಾಲೆಂಡರ್ ಇಲ್ಲದ ಕ್ಯಾಂಪು

ಮೊದಲ ಕಂತು ಶುರುವಾಗುವಾಗ ತೆರೆಯ ಮೇಲೆ 'ಕೊರಿಯಾ, 1950' ಅಂತ ಬರುತ್ತೆ. ಅದರ ಕೆಳಗೇ 'ನೂರು ವರ್ಷಗಳ ಹಿಂದೆ' ಅನ್ನುವ ಅರ್ಥದ ಇನ್ನೊಂದು ಸಾಲು. ತಾರೀಕಿನ ವಿಷಯದಲ್ಲಿ ನಮ್ಮನ್ನು ನಂಬಬೇಡಿ ಅಂತ ಆಗಲೇ ಎಚ್ಚರಿಕೆ ಕೊಟ್ಟುಬಿಟ್ಟರೇನೋ!

ಮೊದಲ ಮೂರು ಸೀಸನ್‌ಗಳಲ್ಲಿ ಕ್ಯಾಂಪಿನ ಮುಖ್ಯಸ್ಥ ಕರ್ನಲ್ ಹೆನ್ರಿ ಬ್ಲೇಕ್. ಮೂರನೇ ಸೀಸನ್ ಕೊನೆಯಲ್ಲಿ ಅವನು ಸಾಯುತ್ತಾನೆ. ನಾಲ್ಕನೇ ಸೀಸನ್ನಿನಲ್ಲಿ ಅವನ ಜಾಗಕ್ಕೆ ಕರ್ನಲ್ ಪಾಟರ್ ಬರುತ್ತಾನೆ. ಬಂದ ದಿನವನ್ನು ಕಂತಿನಲ್ಲೇ ಸ್ಪಷ್ಟವಾಗಿ ಹೇಳಿದ್ದಾರೆ: 1952ರ ಸೆಪ್ಟೆಂಬರ್ 19. ಸರಿ, ಯುದ್ಧ ಮುಗಿಯೋಕೆ ಇನ್ನು ಹತ್ತೇ ತಿಂಗಳು ಬಾಕಿ. ಆದರೆ ಪಾಟರ್ ಕ್ಯಾಂಪಿನಲ್ಲಿ ಇದ್ದದ್ದು ಎಂಟು ಸೀಸನ್!

ಅದಾದರೂ ಹೋಗಲಿ. 1980ರ ಡಿಸೆಂಬರ್‌ನಲ್ಲಿ ಪ್ರಸಾರವಾದ 'ಎ ವಾರ್ ಫಾರ್ ಆಲ್ ಸೀಸನ್ಸ್' ಅನ್ನೋ ಕಂತು ಇದೆ. ಒಂದು ಹೊಸ ವರ್ಷದ ಸಂಜೆಯಿಂದ ಇನ್ನೊಂದು ಹೊಸ ವರ್ಷದ ಸಂಜೆಯವರೆಗೆ ಕ್ಯಾಂಪಿನ ಒಂದು ಇಡೀ ವರ್ಷವನ್ನು ಅರ್ಧ ಗಂಟೆಯಲ್ಲಿ ಹೇಳುವ ಚೆಂದದ ಕಂತು. ಯಾವ ವರ್ಷ? 1951. ಅಂದರೆ 1950ರ ಡಿಸೆಂಬರ್ 31ರ ರಾತ್ರಿಯ ಪಾರ್ಟಿಯಲ್ಲಿ, ಇನ್ನೂ ಇಪ್ಪತ್ತೊಂದು ತಿಂಗಳ ನಂತರ ಕ್ಯಾಂಪಿಗೆ ಬರಬೇಕಾದ ಪಾಟರ್ ಹಾಜರು. ಪಾಟರ್‌ಗಿಂತ ಎರಡು ಸೀಸನ್ ತಡವಾಗಿ ಬಂದ ಮೇಜರ್ ವಿಂಚೆಸ್ಟರ್ ಕೂಡ ಹಾಜರು.

ಇನ್ನೊಂದು ಕೊಂಡಿ ಸೇರಿಸಿ ನೋಡಿ. ಮೂರನೇ ಸೀಸನ್ನಿನ 'ಬಿಗ್ ಮ್ಯಾಕ್' ಕಂತಿನಲ್ಲಿ ಜನರಲ್ ಮೆಕಾರ್ಥರ್ ಕ್ಯಾಂಪಿಗೆ ಬರುತ್ತಾನೆ ಅಂತ ಎಲ್ಲರೂ ಒದ್ದಾಡುತ್ತಾರೆ. ಆಗ ಮುಖ್ಯಸ್ಥ ಹೆನ್ರಿ ಬ್ಲೇಕ್. ನಿಜ ಇತಿಹಾಸದಲ್ಲಿ ಅಧ್ಯಕ್ಷ ಟ್ರೂಮನ್ ಮೆಕಾರ್ಥರ್‌ನನ್ನು 1951ರ ಏಪ್ರಿಲ್ 11ರಂದು ಕೆಲಸದಿಂದ ತೆಗೆದುಹಾಕಿದ. ಹಾಗಾಗಿ ಬ್ಲೇಕ್ ಇದ್ದ ಕಾಲ ಅದಕ್ಕಿಂತ ಮುಂಚೆ ಅಂತಾಯಿತು. ಇದು ಸರಿ. 1952ರಲ್ಲಿ ಪಾಟರ್ ಬಂದ, ಅದೂ ಸರಿ. ಆದರೆ 1951ರ ಹೊಸ ವರ್ಷದ ಪಾರ್ಟಿಯಲ್ಲೂ ಪಾಟರ್ ಇದ್ದ ಅಂದರೆ ಮೂರೂ ಸೇರಿ ಕೂರೋದೇ ಇಲ್ಲ. ಎರಡು ಇಟ್ಟುಕೊಂಡರೆ ಮೂರನೆಯದನ್ನು ಬಿಡಬೇಕು.

ಕ್ರಿಸ್‌ಮಸ್ ಲೆಕ್ಕ ಇನ್ನೂ ಮಜಾ. ಯುದ್ಧದಲ್ಲಿ ಬಂದ ಕ್ರಿಸ್‌ಮಸ್‌ಗಳು ಮೂರೇ ಮೂರು: 1950, 1951, 1952. ಧಾರಾವಾಹಿಯಲ್ಲಿ ಮೊದಲ ಸೀಸನ್ನಿನಲ್ಲಿ ಒಂದು ಕ್ರಿಸ್‌ಮಸ್ ಬಂತು, ಏಳನೆಯದರಲ್ಲಿ ಒಂದು, ಒಂಬತ್ತನೆಯದರಲ್ಲಿ ಒಂದು, ಹತ್ತನೆಯದರಲ್ಲಿ ಇನ್ನೊಂದು. ಕೊನೆಯ ಮೂರರಲ್ಲೂ ಪಾಟರ್ ಮತ್ತು ವಿಂಚೆಸ್ಟರ್ ಇದ್ದಾರೆ. ಪಾಟರ್ ಬಂದ ತಾರೀಕು ನಿಜವಾದರೆ ಅವನ ಪಾಲಿಗೆ ಉಳಿದಿದ್ದು ಒಂದೇ ಒಂದು ಕ್ರಿಸ್‌ಮಸ್. ಪುಣ್ಯಾತ್ಮ ಅದನ್ನೇ ಮೂರು ಸಲ ಆಚರಿಸಿದ!

ಅಮ್ಮ ಇದ್ದಾಳೋ ಇಲ್ಲವೋ

ಮನೆಯ ವಿಷಯಕ್ಕೆ ಬಂದರೆ ಪರಿಸ್ಥಿತಿ ಇನ್ನೂ ಅಧ್ವಾನ. ಮೊದಲ ಸೀಸನ್ನಿನಲ್ಲಿ ಹಾಕ್‌ಐ ಅಪ್ಪನಿಗೆ ಕಾಗದ ಬರೆಯುತ್ತಾನೆ. ಅಮ್ಮನಿಗೂ ತಂಗಿಗೂ ಪ್ರೀತಿ ತಿಳಿಸು ಅನ್ನುತ್ತಾನೆ. ಮುಂದಿನ ಸೀಸನ್‌ಗಳಿಗೆ ಬರುವಷ್ಟರಲ್ಲಿ ಅವನು ಒಬ್ಬನೇ ಮಗ, ಅಮ್ಮ ಅವನು ಹುಡುಗನಾಗಿದ್ದಾಗಲೇ ತೀರಿಕೊಂಡಿದ್ದಾಳೆ. ತಂಗಿಯ ಸುದ್ದಿಯೇ ಇಲ್ಲ. ಊರೂ ಅಷ್ಟೇ. ಶುರುವಿನಲ್ಲಿ ವರ್ಮಾಂಟ್, ಆಮೇಲೆ ಮೇಯ್ನ್ ರಾಜ್ಯದ ಕ್ರ್ಯಾಬ್‌ಆಪಲ್ ಕೋವ್.

ಹೆನ್ರಿ ಬ್ಲೇಕ್‌ನ ಹೆಂಡತಿಯ ಹೆಸರು ಮೊದಮೊದಲು ಮಿಲ್ಡ್ರೆಡ್. ಸ್ವಲ್ಪ ದಿನಕ್ಕೆ ಲೊರೇನ್ ಆದಳು. ಮಿಲ್ಡ್ರೆಡ್ ಹೆಸರು ಖಾಲಿ ಇತ್ತಲ್ಲ, ಅದನ್ನು ಮುಂದೆ ಪಾಟರ್‌ನ ಹೆಂಡತಿಗೆ ಕೊಟ್ಟರು. ಮನೆಯಲ್ಲಿ ಅಣ್ಣನ ಅಂಗಿ ತಮ್ಮನಿಗೆ ಬಂದಹಾಗೆ. ಪಾದ್ರಿ ಮಲ್‌ಕೇಹಿಯ ಪೂರ್ತಿ ಹೆಸರಿನಲ್ಲಿ ಜಾನ್, ಪ್ಯಾಟ್ರಿಕ್, ಫ್ರಾನ್ಸಿಸ್ ಮೂರೂ ಇವೆ. ಆದರೆ ಯಾವುದು ಮೊದಲು ಅನ್ನೋದು ಆಯಾ ಕಂತಿನ ಬರಹಗಾರನಿಗೆ ಬಿಟ್ಟ ವಿಷಯ.

ಇಷ್ಟೊಂದು ಬೇಜವಾಬ್ದಾರಿಯಾ ಅಂತ ಕೇಳಬಹುದು. ಅಲ್ಲ. 1972ರಲ್ಲಿ ಟಿವಿ ಹೇಗಿತ್ತು ಅಂತ ಯೋಚಿಸಿ. ಮನೆಗಳಲ್ಲಿ ವಿಸಿಆರ್ ಇಲ್ಲ, ಡಿವಿಡಿ ಇಲ್ಲ. ವಾರಕ್ಕೊಂದು ಕಂತು ಬರುತ್ತೆ, ನೋಡಿದರೆ ನೋಡಿದಿರಿ, ಮರುಪ್ರಸಾರದಲ್ಲಿ ಸಿಕ್ಕರೆ ಇನ್ನೊಮ್ಮೆ. ಮೊದಲ ಸೀಸನ್ನಿನ ಒಂದು ಕಾಗದದ ಕೊನೆ ಸಾಲನ್ನು ನೆನಪಿಟ್ಟುಕೊಂಡು ಆರನೇ ವರ್ಷದಲ್ಲಿ ತಾಳೆ ನೋಡುವ ಪ್ರೇಕ್ಷಕ ಇರುತ್ತಾನೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಆಗಿನ ಹಾಸ್ಯ ಧಾರಾವಾಹಿಗಳಲ್ಲಿ ಪ್ರತಿ ಕಂತೂ ತನ್ನಷ್ಟಕ್ಕೆ ತಾನೇ ಪೂರ್ತಿ. ಬರಹಗಾರರೂ ವರ್ಷ ವರ್ಷ ಬದಲಾಗುತ್ತಿದ್ದರು. ಧಾರಾವಾಹಿಯನ್ನು ಕಟ್ಟಿ ನಿಲ್ಲಿಸಿದ ಲ್ಯಾರಿ ಗೆಲ್ಬಾರ್ಟ್ ನಾಲ್ಕನೇ ಸೀಸನ್ ಮುಗಿದ ಮೇಲೆ ಹೊರಟುಹೋದ.

ಹಾಗಂತ ಅವರು ಎಲ್ಲದರಲ್ಲೂ ಅಸಡ್ಡೆ ಮಾಡಿದವರಲ್ಲ. ಶಸ್ತ್ರಚಿಕಿತ್ಸೆಯ ಮಾತು, ಉಪಕರಣ, ಕೈಚಲನೆ ಸರಿಯಿರಬೇಕು ಅಂತ ವಾಲ್ಟರ್ ಡಿಶೆಲ್ ಎಂಬ ನಿಜವಾದ ವೈದ್ಯರನ್ನು ಸಲಹೆಗಾರರನ್ನಾಗಿ ಇಟ್ಟುಕೊಂಡಿದ್ದರು. ಕೊರಿಯಾದಲ್ಲಿ ಕೆಲಸ ಮಾಡಿದ ಡಾಕ್ಟರು, ನರ್ಸುಗಳನ್ನು ಹುಡುಕಿ ಮಾತಾಡಿಸಿದ್ದರು. ಗೆಲ್ಬಾರ್ಟ್ ಮತ್ತು ನಿರ್ಮಾಪಕ ಜೀನ್ ರೆನಾಲ್ಡ್ಸ್ ಕೊರಿಯಾಕ್ಕೇ ಹೋಗಿ ಬಂದರು. ಎಷ್ಟೋ ಕಂತುಗಳ ಬೀಜ ಅಂಥ ಮಾತುಕತೆಗಳಲ್ಲಿದೆ. ಆಪರೇಷನ್ ಟೇಬಲ್ ಮೇಲೆ ತಪ್ಪಾಗಬಾರದು ಅಂತ ಒಬ್ಬರು ಕಾವಲಿದ್ದರು. ಗೋಡೆಯ ಮೇಲಿನ ಕ್ಯಾಲೆಂಡರಿಗೆ ಯಾರೂ ಕಾವಲಿರಲಿಲ್ಲ. ಯಾವುದಕ್ಕೆ ಕಾವಲಿಡುತ್ತೇವೆ ಅನ್ನೋದು ನಮಗೆ ಯಾವುದು ಮುಖ್ಯ ಅನ್ನೋದನ್ನೂ ಹೇಳುತ್ತೆ. ಈ ಮಾತು ನೆನಪಿರಲಿ, ಮುಂದೆ ಮತ್ತೆ ಬೇಕಾಗುತ್ತೆ.

ಮಾಲಿಬುವಿನ ಬಿಸಿಲಲ್ಲಿ ಕೊರಿಯಾದ ಚಳಿ

ಕಣ್ಣಿಗೆ ಕಾಣುವ ಎಡವಟ್ಟುಗಳೂ ಬೇಕಾದಷ್ಟಿವೆ. ಕ್ಯಾಂಪಿನ ಗುಮಾಸ್ತ ರೇಡಾರ್ ಒಂದು ಕಂತಿನಲ್ಲಿ 'ಅವೆಂಜರ್ಸ್' ಕಾಮಿಕ್ ಪುಸ್ತಕದ ಜೊತೆ ಕಾಣಿಸಿಕೊಳ್ಳುತ್ತಾನೆ. ಆ ಕಾಮಿಕ್ ಶುರುವಾಗಿದ್ದೇ 1963ರಲ್ಲಿ, ಯುದ್ಧ ಮುಗಿದು ಹತ್ತು ವರ್ಷಕ್ಕೆ. ಗಂಡಸರ ತಲೆಗೂದಲು, ಕೃದಾ, ಮೀಸೆ ಎಲ್ಲ ಎಪ್ಪತ್ತರ ದಶಕದ್ದು. 1950ರ ಸೇನೆಯಲ್ಲಿ ಹಾಗೆ ಕೂದಲು ಬಿಟ್ಟಿದ್ದರೆ ಮರುದಿನವೇ ಕತ್ತರಿ ಬೀಳುತ್ತಿತ್ತು.

ಹೊರಾಂಗಣ ದೃಶ್ಯಗಳ ಚಿತ್ರೀಕರಣ ಕ್ಯಾಲಿಫೋರ್ನಿಯಾದ ಮಾಲಿಬು ಬೆಟ್ಟಗಳಲ್ಲಿ, ಈಗಿನ ಮಾಲಿಬು ಕ್ರೀಕ್ ಸ್ಟೇಟ್ ಪಾರ್ಕ್‌ನಲ್ಲಿ. ಕೊರಿಯಾದ ಚಳಿಗಾಲವೆಂದರೆ ಮೂಳೆ ಕೊರೆಯುವಂಥದ್ದು. ಮಾಲಿಬುವಿನಲ್ಲಿ ಹಿಮ ಎಲ್ಲಿಂದ ಬರಬೇಕು? ದಪ್ಪ ಕೋಟು ಹಾಕಿಕೊಂಡು, ಕೈ ಉಜ್ಜುತ್ತಾ ನಡುಗುವ ನಟರ ಹಿಂದೆ ಒಣಹುಲ್ಲಿನ ಗುಡ್ಡ ಫಳಫಳ ಹೊಳೆಯುತ್ತಿರುತ್ತೆ. ಇದರ ಹಿಂದೆ ಒಂದು ತಮಾಷೆ ಇದೆ. ಬರಹಗಾರರಲ್ಲಿ ಒಬ್ಬನಾಗಿದ್ದ ಕೆನ್ ಲೆವಿನ್ ಹೇಳಿಕೊಂಡಿರುವ ಪ್ರಕಾರ, ನಟರು ಸ್ಕ್ರಿಪ್ಟಿನಲ್ಲಿ ಅದು ಸರಿಯಿಲ್ಲ ಇದು ಸರಿಯಿಲ್ಲ ಅಂತ ತೀರಾ ಕೊಂಕು ತೆಗೆದಾಗ ಬರಹಗಾರರು ಬೇಕಂತಲೇ ಚಳಿಗಾಲದ ಕಂತು ಬರೆದುಬಿಟ್ಟರಂತೆ. ಸುಡುಬಿಸಿಲಲ್ಲಿ ಉಣ್ಣೆ ಕೋಟು ತೊಟ್ಟು ಬೆವರು ಸುರಿಸಿದ ಮೇಲೆ ಕೊಂಕು ತಾನಾಗಿ ಕಡಿಮೆಯಾಯಿತು!

ಸೆನ್ಸಾರ್ ಜೊತೆಗಿನ ಕುಸ್ತಿಯೂ ಹೀಗೇ. ಒಂದು ಕಂತಿನಲ್ಲಿ 'ವರ್ಜಿನ್' ಅನ್ನುವ ಪದ ಬಳಸಬಾರದು ಅಂತ ವಾಹಿನಿಯವರು ಕತ್ತರಿ ಹಾಕಿದರು. ಮುಂದೊಂದು ಕಂತಿನಲ್ಲಿ ಗೆಲ್ಬಾರ್ಟ್ ಒಬ್ಬ ಗಾಯಾಳು ಸೈನಿಕನನ್ನು ತಂದು ಮಲಗಿಸಿದ. ಎಲ್ಲಿಯವನಪ್ಪಾ ಅಂದರೆ ವರ್ಜಿನ್ ಐಲ್ಯಾಂಡ್ಸ್‌ನವನು! ಇದನ್ನು ತಪ್ಪು ಅನ್ನೋಕಾಗಲ್ಲ, ಸೇಡು ಅನ್ನಬೇಕು.

1982ರ ಅಕ್ಟೋಬರ್‌ನಲ್ಲಿ ಕಾಳ್ಗಿಚ್ಚು ಎದ್ದು ಹೊರಾಂಗಣ ಸೆಟ್ ಸುಟ್ಟುಹೋಯಿತು. ಕೊನೆಯ ಕಂತಿನ ಚಿತ್ರೀಕರಣ ಇನ್ನೂ ಮುಗಿದಿರಲಿಲ್ಲ. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರು ಬೆಂಕಿಯನ್ನೇ ಕಥೆಯೊಳಗೆ ಸೇರಿಸಿಕೊಂಡರು. ಕೊನೆಯ ಕಂತಿನಲ್ಲಿ ಬೆಂಕಿಗೆ ಹೆದರಿ ಕ್ಯಾಂಪು ಜಾಗ ಬದಲಿಸುತ್ತದಲ್ಲ, ಅದು ಬಂದಿದ್ದು ಹೀಗೆ. ಆ ಕಂತನ್ನು ಅಮೆರಿಕದಲ್ಲಿ ನೋಡಿದವರು ಸುಮಾರು 10.6 ಕೋಟಿ ಜನ.

ನಮಗೆ ತಪ್ಪಿನಂತೆ ಕಂಡರೂ ತಪ್ಪಲ್ಲದ್ದು ಇನ್ನೊಂದಿದೆ. ರೇಡಾರ್ ಪಾತ್ರದ ಗ್ಯಾರಿ ಬರ್ಗಾಫ್‌ನನ್ನು ಗಮನಿಸಿ. ಎಡಗೈಯಲ್ಲಿ ಯಾವಾಗಲೂ ಏನಾದರೊಂದು: ಕ್ಲಿಪ್‌ಬೋರ್ಡ್, ಕಾಗದದ ಕಟ್ಟು, ಇಲ್ಲವೇ ಕೈ ಜೇಬಿನಲ್ಲಿ. ಹುಟ್ಟಿನಿಂದಲೇ ಅವನ ಎಡಗೈ ಬೆರಳುಗಳು ಚಿಕ್ಕವು. ಅದನ್ನು ಕ್ಯಾಮೆರಾ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುತ್ತಿದ್ದರು. ಅಲ್ಲೊಮ್ಮೆ ಇಲ್ಲೊಮ್ಮೆ ಕೈ ಕಂಡುಬಿಡುತ್ತೆ. ಅದನ್ನು ಎಡವಟ್ಟುಗಳ ಪಟ್ಟಿಗೆ ಸೇರಿಸಿಕೊಂಡು ನಗುವವರಿದ್ದಾರೆ. ನನಗೆ ಮಾತ್ರ ಆ ಕ್ಲಿಪ್‌ಬೋರ್ಡ್ ಕಂಡಾಗಲೆಲ್ಲ ಒಂದು ಹುದ್ದೆಯ ಲಾಂಛನವನ್ನೇ ಕವಚ ಮಾಡಿಕೊಂಡವನ ಜಾಣತನ ಕಾಣುತ್ತೆ.

ಕೈ ಜಾರಿದ ಸದ್ದು

ಇಡೀ ಧಾರಾವಾಹಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಎಡವಟ್ಟು ಕಣ್ಣಿಗೆ ಕಾಣುವುದೇ ಇಲ್ಲ, ಕಿವಿಗೆ ಕೇಳುತ್ತೆ.

1975ರ ಮಾರ್ಚ್ 18ರ ಕಂತು. ಹೆನ್ರಿ ಬ್ಲೇಕ್‌ಗೆ ಬಿಡುಗಡೆಯಾಗಿದೆ, ಊರಿಗೆ ಹೊರಟಿದ್ದಾನೆ. ನಗು, ಅಳು, ಬೀಳ್ಕೊಡುಗೆ ಎಲ್ಲ ಮುಗಿದಿದೆ. ಕೊನೆಯ ದೃಶ್ಯದಲ್ಲಿ ಆಪರೇಷನ್ ಕೋಣೆ. ರೇಡಾರ್ ಮುಖಕ್ಕೆ ಮಾಸ್ಕ್ ಕೂಡ ಕಟ್ಟದೆ ಒಳಗೆ ಬರುತ್ತಾನೆ. ಹೆನ್ರಿಯ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದ್ದಾರೆ, ಯಾರೂ ಬದುಕುಳಿದಿಲ್ಲ ಅಂತ ಓದುತ್ತಾನೆ. ಈ ಪುಟವನ್ನು ಗೆಲ್ಬಾರ್ಟ್ ಬಚ್ಚಿಟ್ಟಿದ್ದ. ಉಳಿದ ದೃಶ್ಯಗಳೆಲ್ಲ ಮುಗಿದ ಮೇಲೆ, ಇದನ್ನು ಚಿತ್ರಿಸುವ ಸ್ವಲ್ಪ ಮುಂಚೆಯಷ್ಟೇ ನಟರಿಗೆ ತೋರಿಸಿದ. ಮೊದಲ ಸಲ ಚಿತ್ರಿಸಿದಾಗ ಏನೋ ತಾಂತ್ರಿಕ ತೊಂದರೆಯಾಗಿ ಇನ್ನೊಮ್ಮೆ ಮಾಡಬೇಕಾಯಿತು. ಎರಡನೇ ಸಲ ರೇಡಾರ್ ಓದಿ ಮುಗಿಸಿದ. ಕೋಣೆಯಲ್ಲಿ ಮೌನ. ಆಗ ಕ್ಯಾಮೆರಾದ ಆಚೆ ಯಾರದೋ ಕೈಯಿಂದ ಒಂದು ಶಸ್ತ್ರ ಜಾರಿ 'ಠಣ್' ಅಂತ ಬಿತ್ತು.

ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ನಿಯಮದ ಪ್ರಕಾರ ಅದು ಕೆಟ್ಟುಹೋದ ಶಾಟ್. ಆದರೆ ಸುದ್ದಿ ಕೇಳಿ ಕೈ ಸೋತ ಡಾಕ್ಟರೋ ನರ್ಸೋ ಹಾಗೇ ಅಲ್ಲವೇ ಮಾಡುವುದು? ಅದನ್ನೇ ಉಳಿಸಿಕೊಂಡರು. ಬೇಕಂತ ಬರೆಸಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಆ ಸದ್ದು ನಮಗೆ ಕೇಳುವುದಕ್ಕೂ ಒಂದು ಕಾರಣವಿದೆ. ಈ ಧಾರಾವಾಹಿಗೆ ಹಿನ್ನೆಲೆ ನಗು ಸೇರಿಸುವುದು ಗೆಲ್ಬಾರ್ಟ್ ಮತ್ತು ರೆನಾಲ್ಡ್ಸ್‌ಗೆ ಸುತರಾಂ ಇಷ್ಟವಿರಲಿಲ್ಲ. ಸಿಬಿಎಸ್‌ನವರು ಬಿಡಲಿಲ್ಲ, ಹಾಸ್ಯ ಧಾರಾವಾಹಿ ಅಂದಮೇಲೆ ನಗು ಇರಲೇಬೇಕು ಅಂದರು. ಕೊನೆಗೆ ಒಂದು ರಾಜಿಯಾಯಿತು: ಆಪರೇಷನ್ ಕೋಣೆಯೊಳಗೆ ಡಬ್ಬಿಯ ನಗು ಬರಬಾರದು. ಆ ಒಂದು ಹಟದಿಂದ ಅಲ್ಲಿನ ಮೌನ ಉಳಿಯಿತು. ಮೌನ ಉಳಿದದ್ದರಿಂದ ಶಸ್ತ್ರ ಬಿದ್ದ ಸದ್ದು ಉಳಿಯಿತು. ಬ್ರಿಟನ್ನಿನ ಬಿಬಿಸಿಯವರು ಇನ್ನೂ ಜಾಣರು, ನಗುವನ್ನು ಪೂರ್ತಿ ತೆಗೆದೇ ಪ್ರಸಾರ ಮಾಡಿದರು.

ಕಾಣೆಯಾದ ಡಾಕ್ಟರ್

ಇಷ್ಟು ಹೊತ್ತು ಆಟವಾಡಿದ್ದಾಯಿತು. ಈಗ ಆಟವಲ್ಲದ ಒಂದು ತಪ್ಪಿನ ವಿಷಯ.

ಮೊದಲ ಸೀಸನ್ನಿನ ಶುರುವಿನ ಕಂತುಗಳನ್ನು ನೋಡಿದರೆ ಹಾಕ್‌ಐನ ಡೇರೆಯಲ್ಲಿ ಇನ್ನೊಬ್ಬ ಶಸ್ತ್ರವೈದ್ಯ ಇದ್ದಾನೆ: ಕ್ಯಾಪ್ಟನ್ ಆಲಿವರ್ ಜೋನ್ಸ್. ಕಪ್ಪು ಜನಾಂಗದವನು. ಟಿಮೊಥಿ ಬ್ರೌನ್ ಆ ಪಾತ್ರ ಮಾಡಿದ್ದ. ಕಾದಂಬರಿಯಲ್ಲೂ ಸಿನಿಮಾದಲ್ಲೂ ಇದ್ದ ಪಾತ್ರವೇ ಇದು. ಅವನ ಅಡ್ಡಹೆಸರು 'ಈಟಿ ಎಸೆಯುವವನು' ಅನ್ನುವ ಅರ್ಥದ್ದು. ಕಪ್ಪು ಜನರನ್ನು ಹೀಯಾಳಿಸಲು ಬಳಸುವ ಬೈಗುಳ ಅದು. ಅದನ್ನು ಎಲ್ಲರೂ ಅವನ ಮುಖದ ಮೇಲೇ ಅನ್ನುತ್ತಾರೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಕೆಲವೇ ಕಂತುಗಳಾದ ಮೇಲೆ ಜೋನ್ಸ್ ಕಾಣುವುದಿಲ್ಲ. ವರ್ಗವಾಯಿತೋ, ಊರಿಗೆ ಹೋದನೋ, ಒಂದು ಮಾತೂ ಇಲ್ಲ. ಮಂಚ ಖಾಲಿಯಾಯಿತು, ಅಷ್ಟೇ.

ಎಡವಟ್ಟುಗಳ ಪಟ್ಟಿಗಳಲ್ಲಿ ಇದನ್ನೂ 'ಹೇಳದೆ ಕೇಳದೆ ಕಾಣೆಯಾದ ಪಾತ್ರ' ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆದರೆ ತೆಗೆದುಹಾಕಿದ್ದಕ್ಕೆ ಮುಂದೆ ಕೊಟ್ಟ ಕಾರಣ ನೋಡಿ: ಕೊರಿಯಾದ ಮ್ಯಾಶ್ ಆಸ್ಪತ್ರೆಗಳಲ್ಲಿ ಕಪ್ಪು ಶಸ್ತ್ರವೈದ್ಯರು ಇರಲಿಲ್ಲ, ಹಾಗಾಗಿ ಇತಿಹಾಸಕ್ಕೆ ನಿಷ್ಠರಾಗಿರಲು ತೆಗೆದೆವು ಅಂತ.

ಇದು ತಪ್ಪು. ಆಲ್ವಿನ್ ಬ್ಲೌಂಟ್ ಅನ್ನೋ ಕಪ್ಪು ಶಸ್ತ್ರವೈದ್ಯ ಕೊರಿಯಾದಲ್ಲಿ ಮ್ಯಾಶ್ ಘಟಕದಲ್ಲೇ ಕೆಲಸ ಮಾಡಿದ್ದರು. ಮನುಷ್ಯ ಸಾಮಾನ್ಯರಲ್ಲ. ಯುದ್ಧದಿಂದ ಹಿಂತಿರುಗಿ ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೋದಲ್ಲಿ ವೃತ್ತಿ ನಡೆಸುವಾಗ, ಕಪ್ಪು ವೈದ್ಯರನ್ನೂ ರೋಗಿಗಳನ್ನೂ ದೂರವಿಡುತ್ತಿದ್ದ ಅಲ್ಲಿನ ಆಸ್ಪತ್ರೆಗಳ ವಿರುದ್ಧ ನ್ಯಾಯಾಲಯಕ್ಕೆ ಹೋದವರಲ್ಲಿ ಅವರೂ ಒಬ್ಬರು. 1963ರಲ್ಲಿ ಬಂದ ಆ ತೀರ್ಪು ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಣಭೇದ ಮುರಿಯಲು ದಾರಿ ಮಾಡಿದ ದೊಡ್ಡ ತೀರ್ಪು. ಸೇನೆಯಲ್ಲಿ ವರ್ಣಭೇದ ನಿಲ್ಲಬೇಕು ಅಂತ ಟ್ರೂಮನ್ ಆದೇಶ ಹೊರಡಿಸಿದ್ದು 1948ರಲ್ಲಿ. ಆ ಆದೇಶ ಕಾಗದದಿಂದ ನೆಲಕ್ಕಿಳಿದಿದ್ದೇ ಕೊರಿಯಾ ಯುದ್ಧದ ಕಾಲದಲ್ಲಿ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕರ್ನಲ್ ಪಾಟರ್ ಬರುವ ಮೊದಲೇ ಬಂದ, ಒಂದೇ ಕ್ರಿಸ್‌ಮಸ್ ಮೂರು ಸಲ ಬಂತು, ಹಾಕ್‌ಐನ ಅಮ್ಮ ಬದುಕಿದ್ದಳು ಸತ್ತಳು. ಇದ್ಯಾವುದಕ್ಕೂ ಇತಿಹಾಸದ ನಿಷ್ಠೆ ಅಡ್ಡ ಬರಲಿಲ್ಲ. ಯುದ್ಧವನ್ನೇ ಮೂರು ವರ್ಷದಿಂದ ಹನ್ನೊಂದು ವರ್ಷಕ್ಕೆ ಎಳೆದವರಿಗೆ ಒಬ್ಬ ಕಪ್ಪು ಡಾಕ್ಟರನ ವಿಷಯಕ್ಕೆ ಬಂದಾಗ ಮಾತ್ರ ಇತಿಹಾಸ ನೆನಪಾಯಿತು. ಅದೂ ತಪ್ಪು ಇತಿಹಾಸ. ಇದರಲ್ಲಿ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳುತ್ತಿಲ್ಲ. ಜನಾಂಗದ್ವೇಷವನ್ನು ನೇರವಾಗಿ ಬೈದ ಕಂತುಗಳು ಇದೇ ಧಾರಾವಾಹಿಯಲ್ಲಿವೆ. ಆದರೆ ಕಾವಲಿನ ಮಾತು ಹೇಳಿದ್ದೆನಲ್ಲ? ಆಪರೇಷನ್ ಟೇಬಲ್ಲಿನ ವಿವರಗಳಿಗೆ ಕಾವಲಿತ್ತು, ಅದರ ಸುತ್ತ ಯಾರು ಯಾರು ನಿಂತಿದ್ದರು ಅನ್ನೋದಕ್ಕೆ ಇರಲಿಲ್ಲ.

ಕ್ಯಾಲೆಂಡರಿನ ತಪ್ಪು ಯಾರ ಬದುಕಿಗೂ ತಟ್ಟುವುದಿಲ್ಲ. ಇದು ತಟ್ಟುತ್ತೆ. ಕೋಟ್ಯಂತರ ಜನ ಕೊರಿಯಾ ಯುದ್ಧದ ಬಗ್ಗೆ ತಿಳಿದುಕೊಂಡಿದ್ದೇ ಈ ಧಾರಾವಾಹಿಯಿಂದ. ಅಲ್ಲಿ ಇಲ್ಲದ ಡಾಕ್ಟರ್ ಅವರ ಪಾಲಿಗೆ ಇತಿಹಾಸದಲ್ಲೂ ಇಲ್ಲ.

ಕೆಲಿ ಅನ್ನೋ ನರ್ಸು

ಇನ್ನೊಂದು ಉದಾಹರಣೆ ಇದೆ. ಇದರ ಕೊನೆ ಮಾತ್ರ ಬೇರೆ ಥರ.

ಶುರುವಿನಲ್ಲಿ ನರ್ಸುಗಳಿಗೆ ಏಬಲ್, ಬೇಕರ್ ಅಂತೆಲ್ಲ ಹೆಸರಿಟ್ಟಿದ್ದರು. ಇವು ಹೆಸರುಗಳೇ ಅಲ್ಲ, ಸೇನೆಯ ವೈರ್‌ಲೆಸ್ಸಿನಲ್ಲಿ 'ಎ', 'ಬಿ' ಅಕ್ಷರಗಳಿಗೆ ಆಗ ಬಳಸುತ್ತಿದ್ದ ಪದಗಳು. ಈ ವಾರ ಒಬ್ಬಳು ನರ್ಸ್ ಬೇಕರ್, ಇನ್ನೊಂದು ವಾರ ಇನ್ನೊಬ್ಬಳು ನರ್ಸ್ ಬೇಕರ್. ಗಂಡಸರ ಪಾತ್ರಗಳ ಹೆಂಡಿರ ಹೆಸರು ತಪ್ಪಿದರೆ ಹಿಡಿಯುವವರಿದ್ದರು. ನರ್ಸುಗಳ ಹೆಸರು ತಪ್ಪಲು ಅವರಿಗೆ ಹೆಸರೇ ಇರಲಿಲ್ಲ!

ಆ ಗುಂಪಿನಲ್ಲಿ ಹವಾಯಿಯ ಕೆಲಿ ನಕಹಾರ ಅನ್ನೋ ನಟಿ ಇದ್ದಳು. ವರ್ಷಗಟ್ಟಲೆ ಅವಳು ಹಿಂದೆ ನಿಂತಿದ್ದಾಳೆ: ಟ್ರೇ ಹಿಡಿದು, ಸ್ಟ್ರೆಚರ್ ಹಿಡಿದು, ಊಟದ ಸಾಲಿನಲ್ಲಿ. ಅವಳಿಗೂ ಒಮ್ಮೆ ಒಂದು ಹೆಸರು, ಇನ್ನೊಮ್ಮೆ ಇನ್ನೊಂದು. ಬರಬರುತ್ತಾ ಅವಳ ಸ್ವಂತ ಹೆಸರೇ ಪಾತ್ರದ ಹೆಸರಾಗಿ ನಿಂತಿತು. ಹನ್ನೊಂದನೇ ಸೀಸನ್ ಶುರುವಾಗಿದ್ದು ಅವಳನ್ನೇ ನಡುವೆ ನಿಲ್ಲಿಸಿದ 'ಹೇ, ಲುಕ್ ಮಿ ಓವರ್' ಅನ್ನೋ ಕಂತಿನಿಂದ. ಚೆಂದದ ನರ್ಸುಗಳ ಹಿಂದೆಲ್ಲ ಸುತ್ತುವ ಹಾಕ್‌ಐಗೆ ತನ್ನ ಪಕ್ಕದಲ್ಲೇ ದುಡಿಯುವ ಕೆಲಿ ಕಣ್ಣಿಗೇ ಬಿದ್ದಿಲ್ಲ. ಆ ಕಂತಿನಲ್ಲಿ ಕೆಲಿ ಅವನನ್ನು ನಿಲ್ಲಿಸಿ ಸರಿಯಾಗಿ ಜಾಡಿಸುತ್ತಾಳೆ. ನಾನು ತಮಾಷೆಯವಳು, ಪ್ರೀತಿಸಬಲ್ಲವಳು, ನೀನು ನೋಡಲೇ ಇಲ್ಲ ಅನ್ನೋದು ಅವಳ ಮಾತಿನ ತಿರುಳು.

ಅವಳು ಬೈದಿದ್ದು ಹಾಕ್‌ಐನನ್ನು. ಆದರೆ ನೋಡದೇ ಇದ್ದದ್ದು ಅವನೊಬ್ಬನೇ ಅಲ್ಲವಲ್ಲ? ಹತ್ತು ವರ್ಷ ಬರೆದವರು ನೋಡಿರಲಿಲ್ಲ, ಹತ್ತು ವರ್ಷ ಟಿವಿ ಮುಂದೆ ಕೂತವರೂ ನೋಡಿರಲಿಲ್ಲ. ತಡವಾದರೂ ಒಂದು ಧಾರಾವಾಹಿ ತನ್ನ ತಪ್ಪನ್ನು ತಾನೇ ಕಥೆಯಾಗಿಸಿಕೊಂಡಿತು. ಜೋನ್ಸ್‌ಗೆ ಇಂಥ ಕಂತು ಸಿಗಲಿಲ್ಲ. ಕೆಲಿ ನಕಹಾರ 2020ರಲ್ಲಿ ತೀರಿಕೊಂಡಳು.

ಕೊರಿಯಾ ಎಲ್ಲಿ?

ಕೊನೆಗೆ ಎಲ್ಲಕ್ಕಿಂತ ದೊಡ್ಡದು. ಕೊರಿಯಾದಲ್ಲಿ ನಡೆಯುವ ಕಥೆಯಲ್ಲಿ ಕೊರಿಯಾದವರೇ ಕಡಿಮೆ. ಕೊರಿಯಾದ ಹುಡುಗ ಹೋ-ಜಾನ್ ಪಾತ್ರ ಮಾಡಿದವನು ಫಿಲಿಪೈನ್ಸ್ ಮೂಲದವನು. ಕೊರಿಯಾದ ಸೇನಾಧಿಕಾರಿಯಾಗಿ ಬಂದ ಪ್ಯಾಟ್ ಮೊರಿಟಾ ಜಪಾನಿ ಮೂಲದವನು. ಕೊನೆಯಲ್ಲಿ ಕ್ಲಿಂಗರ್ ಮದುವೆಯಾಗುವ ಸೂನ್-ಲೀ ಪಾತ್ರದ ರೋಸಲಿಂಡ್ ಚಾವ್ ಚೀನೀ ಮೂಲದವಳು. ಕೊರಿಯಾದಲ್ಲೇ ಹುಟ್ಟಿದ ಸೂನ್-ಟೆಕ್ ಓಹ್‌ನಂಥ ನಟ ಬಂದರೂ, ಒಮ್ಮೆ ಒಬ್ಬನಾಗಿ ಇನ್ನೊಮ್ಮೆ ಮತ್ತೊಬ್ಬನಾಗಿ ಬಂದು ಹೋದ. ಎಲ್ಲರೂ ಒಳ್ಳೆಯ ನಟರೇ, ತಪ್ಪು ಅವರದಲ್ಲ. ಜಪಾನ್ ಮೂವತ್ತೈದು ವರ್ಷ ಕೊರಿಯಾವನ್ನು ಆಳಿ ಹಿಂಡಿ ಹಿಪ್ಪೆ ಮಾಡಿದ್ದು ಗೊತ್ತಿದ್ದವರಿಗೆ ಈ ಬದಲಾವಣೆ ಬರೀ ಪಾತ್ರ ಹಂಚಿಕೆಯ ವಿಷಯವಾಗಿ ಕಾಣುವುದಿಲ್ಲ.

ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. 1972ರಲ್ಲಿ ಈ ಧಾರಾವಾಹಿ ನೋಡುತ್ತಿದ್ದ ಅಮೆರಿಕನ್ನರ ತಲೆಯಲ್ಲಿ ಇದ್ದದ್ದು ವಿಯೆಟ್ನಾಂ. ಆ ಯುದ್ಧ ಇನ್ನೂ ನಡೆಯುತ್ತಿತ್ತು. ಕೊರಿಯಾ ಅನ್ನೋದು ವಿಯೆಟ್ನಾಂ ಬಗ್ಗೆ ಮಾತಾಡಲು ಸಿಕ್ಕ ಒಂದು ಮರೆ. ಹಾಗಾಗಿಯೇ ಕೂದಲು ಎಪ್ಪತ್ತರದ್ದು, ಮಾತು ಎಪ್ಪತ್ತರದ್ದು, ಸಿಟ್ಟೂ ಎಪ್ಪತ್ತರದ್ದು. ಮರೆಯಾಗಿ ಬಳಸಿದ ದೇಶವನ್ನು ಯಾರು ತಿರುಗಿ ನೋಡುತ್ತಾರೆ?

ಅಂದ ಹಾಗೆ, ಆ ಯುದ್ಧದಲ್ಲಿ ನಮ್ಮವರೂ ಇದ್ದರು ಅನ್ನೋದು ನಮ್ಮಲ್ಲೇ ಎಷ್ಟು ಜನಕ್ಕೆ ನೆನಪಿದೆ? ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ ಭಾರತೀಯ ಸೇನೆಯ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ 1950ರ ಕೊನೆಯಲ್ಲೇ ಕೊರಿಯಾಕ್ಕೆ ಹೋಯಿತು. 1951ರ ಮಾರ್ಚ್‌ನಲ್ಲಿ ಅಮೆರಿಕದ ಪಡೆಗಳ ಜೊತೆ ನಮ್ಮ ಒಂದು ಪುಟ್ಟ ವೈದ್ಯರ ತಂಡ ಮುನ್ಸಾನ್-ನಿ ಎಂಬಲ್ಲಿ ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಹಾರಿ, ಇಳಿದ ಜಾಗದಲ್ಲೇ ಗಾಯಾಳುಗಳಿಗೆ ಚಿಕಿತ್ಸೆ ಮಾಡಿತು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಯುದ್ಧ ನಿಲ್ಲುವುದು ತಡವಾಗಿದ್ದೇ ಊರಿಗೆ ಮರಳಲೊಪ್ಪದ ಯುದ್ಧಕೈದಿಗಳನ್ನು ಏನು ಮಾಡುವುದು ಅನ್ನುವ ಜಗಳದಿಂದ. ಆ ಬಿಕ್ಕಟ್ಟು ಬಿಡಿಸಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಯಾರು ಗೊತ್ತೇ? ನಮ್ಮ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳು, ಎರಡೂ ಕಡೆಯ ಒತ್ತಡ, ನಡುವೆ ಭಾರತದ ಕಾವಲು ಪಡೆ. ಎತ್ತ ಹೋಗಲೂ ಒಪ್ಪದ ಕೆಲವರನ್ನು 1954ರಲ್ಲಿ ನಮ್ಮವರು ಭಾರತಕ್ಕೇ ಕರೆತಂದರು. ಕೊಡಗಿನ ಒಬ್ಬ ಮನುಷ್ಯ ಆ ಯುದ್ಧದ ಕೊನೆಯ ಗಂಟನ್ನು ಬಿಡಿಸಲು ಕೂತಿದ್ದ ಅನ್ನೋದು ನಮ್ಮ ಪಠ್ಯಪುಸ್ತಕಗಳಿಗಿಂತ ಹೆಚ್ಚಾಗಿ ನಮ್ಮ ಹಿರಿಯರ ಮಾತುಗಳಲ್ಲೇ ಉಳಿದಿದೆ. ಅಮೆರಿಕದವರ ಮರೆವನ್ನು ಎತ್ತಿ ತೋರಿಸುವಾಗ ನಮ್ಮ ಮರೆವೂ ಲೆಕ್ಕಕ್ಕೆ ಬರಬೇಕು.

ಇಷ್ಟೆಲ್ಲ ಹೇಳಿದ ಮೇಲೂ 'ಮ್ಯಾಶ್' ನನಗೆ ಇಷ್ಟದ ಧಾರಾವಾಹಿಯೇ. ಒಂದು ಒಳ್ಳೆಯ ಕೃತಿಯ ತಪ್ಪುಗಳನ್ನು ಹುಡುಕಬೇಕು ಅಂದರೆ ಅದನ್ನು ಹತ್ತಾರು ಸಲ ನೋಡಬೇಕು. ಇಷ್ಟವಿಲ್ಲದ್ದನ್ನು ಯಾರು ಹತ್ತು ಸಲ ನೋಡುತ್ತಾರೆ? ಆದರೆ ಹುಡುಕುವ ಕಣ್ಣು ಕ್ಯಾಲೆಂಡರು, ಕಾಮಿಕ್ಕು, ಕೃದಾಗಳಿಗೇ ನಿಲ್ಲಬಾರದು. ಮುಂದಿನ ಸಲ ನೋಡುವಾಗ ಹಾಕ್‌ಐನ ಡೇರೆಯ ಆ ಖಾಲಿ ಮಂಚವನ್ನೂ ಒಮ್ಮೆ ನೋಡಿ. ಅಲ್ಲೊಬ್ಬ ಡಾಕ್ಟರ್ ಇದ್ದ.